ಒಂದೇ ಜಾವಾ, ಹತ್ತು ಡೌನ್‌ಲೋಡ್: ಯಾವುದಕ್ಕೆ ದುಡ್ಡು, ಯಾವುದಕ್ಕಿಲ್ಲ, ಏಕೆ

2023ರ ಜನವರಿಯಲ್ಲಿ ಒರಾಕಲ್ ಕಂಪನಿ, ಪ್ರೋಗ್ರಾಂ ಬರೆಯಲು ಮತ್ತು ನಡೆಸಲು ಬಳಸುವ ಜಾವಾಕ್ಕೆ ಹೊಸ ದರಪಟ್ಟಿ ಹೊರಡಿಸಿತು. ಜಾವಾ ಎಷ್ಟು ಕಂಪ್ಯೂಟರ್‌ಗಳಲ್ಲಿದೆ ಎಂದು ಅದು ಕೇಳುವುದಿಲ್ಲ, ಕಂಪನಿಯಲ್ಲಿ ಎಷ್ಟು ಜನರಿದ್ದಾರೆ ಎಂದು ಕೇಳುತ್ತದೆ. ಸಾವಿರಕ್ಕಿಂತ ಕಡಿಮೆ ಜನರಿದ್ದರೆ ತಲೆಗೆ ತಿಂಗಳಿಗೆ 15 ಡಾಲರ್. ಜಾವಾ ಮುಟ್ಟುವವರು ಇಬ್ಬರೇ ಇದ್ದು, ಉಳಿದ 248 ಮಂದಿ ಅದರ ಮುಖವನ್ನೇ ನೋಡಿರದಿದ್ದರೂ, 250 ಜನರ ಕಂಪನಿಗೆ ವರ್ಷಕ್ಕೆ 45,000 ಡಾಲರ್ ಆಗುತ್ತದೆ. ಅರೆಕಾಲಿಕ ನೌಕರರು, ತಾತ್ಕಾಲಿಕ ನೌಕರರು, ಕಂಪನಿಯ ಒಳಗಿನ ಕೆಲಸಕ್ಕೆ ನೆರವಾಗುವ ಗುತ್ತಿಗೆದಾರರು, ಸಲಹೆಗಾರರು ಎಲ್ಲರೂ ಲೆಕ್ಕಕ್ಕೆ ಸೇರುತ್ತಾರೆ. ಒರಾಕಲ್‌ನ ದರಪಟ್ಟಿಯಲ್ಲೇ ಒಂದು ಉದಾಹರಣೆಯಿದೆ: 23,000 ನೌಕರರು, 5,000 ಗುತ್ತಿಗೆದಾರರು ಮತ್ತಿತರರು ಇರುವ ಸಂಸ್ಥೆ. ತಲೆಗೆ 6.75 ಡಾಲರ್‌ನಂತೆ ಅದರ ವಾರ್ಷಿಕ ಬಿಲ್ಲು 22,68,000 ಡಾಲರ್.

ಅದೇ ಹೊತ್ತಿಗೆ ಅಮೆಜಾನ್, ಮೈಕ್ರೋಸಾಫ್ಟ್, ಲಿನಕ್ಸ್ ಕಂಪನಿ ರೆಡ್ ಹ್ಯಾಟ್, ಲಾಭರಹಿತ ಸಂಸ್ಥೆ ಎಕ್ಲಿಪ್ಸ್ ಫೌಂಡೇಶನ್ ಇವರಲ್ಲಿ ಯಾರ ವೆಬ್‌ಸೈಟಿಗೆ ಹೋದರೂ ಜಾವಾ ಸಿಗುತ್ತದೆ. ವ್ಯಾಪಾರದ ಕೆಲಸಕ್ಕೆ ಬಳಸಿದರೂ ಕಾನೂನಿನ ತೊಡಕಿಲ್ಲ. ಅಮೆಜಾನ್, ಎಕ್ಲಿಪ್ಸ್‌ಗಳದ್ದಕ್ಕೆ ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಪ್ರೋಗ್ರಾಂ ಅದೇ, ನಡೆಯುವುದೂ ಅದೇ ರೀತಿ. ಹಾಗಿದ್ದರೆ ಒರಾಕಲ್ ದುಡ್ಡು ಕೇಳುವುದು ಯಾತಕ್ಕೆ? ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ: ಒರಾಕಲ್‌ನ ಸ್ವತ್ತನ್ನು ಅಮೆಜಾನ್ ಹೇಗೆ ಪುಕ್ಕಟೆ ಹಂಚುತ್ತದೆ? ಇದಕ್ಕೆ ಉತ್ತರ ಜಾವಾದ ಮೂವತ್ತು ವರ್ಷಗಳ ಚರಿತ್ರೆಯಲ್ಲಿದೆ, ಮತ್ತು ಆ ಚರಿತ್ರೆಯಲ್ಲಿ ಜಗಳಗಳೇ ಜಾಸ್ತಿ.

ಜಾವಾ ಎಂದರೆ ಏನೇನು

ಕರ್ನಾಟಕದಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಓದಿದವರಿಗೆ ಜಾವಾ ಪಠ್ಯದಲ್ಲೇ ಬಂದಿರುತ್ತದೆ. ಓದದವರಿಗೂ ಅದರ ಹೆಸರು ಕಿವಿಗೆ ಬಿದ್ದಿರುವ ಸಾಧ್ಯತೆಯಿದೆ. ಕೆಲವು ವರ್ಷಗಳ ಹಿಂದಿನವರೆಗೂ ಆದಾಯ ತೆರಿಗೆ ರಿಟರ್ನ್ ತುಂಬಲು ಇಲಾಖೆ ಕೊಡುತ್ತಿದ್ದ ಯುಟಿಲಿಟಿಗಳಲ್ಲಿ ಒಂದು ಜಾವಾದ್ದಾಗಿತ್ತು, ಅದನ್ನು ತೆರೆಯಬೇಕಾದರೆ ಮೊದಲು ಜಾವಾ ಹಾಕಿಕೊಳ್ಳಬೇಕಿತ್ತು. ಬೆಂಗಳೂರಿನ ಐಐಐಟಿಯಲ್ಲಿ ರೂಪುಗೊಂಡು, ಈಗ ಫಿಲಿಪೀನ್ಸ್, ಮೊರಾಕೊ, ಇಥಿಯೋಪಿಯಾಗಳಲ್ಲಿ ರಾಷ್ಟ್ರೀಯ ಗುರುತಿನ ವ್ಯವಸ್ಥೆಗೆ ಆಧಾರವಾಗಿರುವ ಮೋಸಿಪ್ ಎಂಬ ಸಾಫ್ಟ್‌ವೇರ್ ಕೂಡ ಜಾವಾದಲ್ಲಿ ಬರೆದದ್ದೇ.

ಜಾವಾ ಎಂಬ ಒಂದೇ ಹೆಸರಿನಡಿ ಮೂರು ಸಂಗತಿಗಳಿವೆ. ಮೊದಲನೆಯದು ಭಾಷೆ, ಅಂದರೆ ಪ್ರೋಗ್ರಾಮರ್ ಬರೆಯುವ ಸಾಲುಗಳ ವ್ಯಾಕರಣ. ಬರೆದದ್ದನ್ನು ಕಂಪೈಲರ್ ಎಂಬ ಸಾಧನ ಬೈಟ್‌ಕೋಡ್ ಎಂಬ ನಡುವಿನ ರೂಪಕ್ಕೆ ತಿರುಗಿಸುತ್ತದೆ. ಈ ಬೈಟ್‌ಕೋಡ್ ವಿಂಡೋಸ್‌ಗೂ ಸೇರಿದ್ದಲ್ಲ, ಲಿನಕ್ಸ್‌ಗೂ ಸೇರಿದ್ದಲ್ಲ. ಅದನ್ನು ಓದಿ, ಕೆಳಗಿರುವ ಯಂತ್ರಕ್ಕೆ ಅರ್ಥವಾಗುವ ಆಜ್ಞೆಗಳನ್ನಾಗಿ ಮಾಡಿ ನಡೆಸುವ ಎಂಜಿನ್ ಎರಡನೆಯ ಸಂಗತಿ. ಅದಕ್ಕೆ ಜಾವಾ ವರ್ಚುವಲ್ ಮೆಷಿನ್, ಚುಟುಕಾಗಿ ಜೆವಿಎಂ ಎನ್ನುತ್ತಾರೆ. ಯಾವ ಯಂತ್ರಕ್ಕೆ ಜೆವಿಎಂ ಇದೆಯೋ ಆ ಯಂತ್ರದಲ್ಲೆಲ್ಲ ಅದೇ ಪ್ರೋಗ್ರಾಂ ಓಡುತ್ತದೆ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಜಾವಾವನ್ನು ಲೋಕಕ್ಕೆ ತೋರಿಸಿದಾಗ 'ಒಮ್ಮೆ ಬರೆ, ಎಲ್ಲಿ ಬೇಕಾದರೂ ಓಡಿಸು' ಎಂದು ಸಾರಿದ್ದು ಈ ಗುಣವನ್ನೇ.

ಮೂರನೆಯದು ಲೈಬ್ರರಿ. ಫೈಲ್ ತೆರೆಯುವುದು, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದು, ನೆಟ್‌ವರ್ಕ್‌ನಲ್ಲಿ ಮಾತಾಡುವುದು ಮುಂತಾದ ನಿತ್ಯದ ಕೆಲಸಗಳಿಗೆ ಮೊದಲೇ ಬರೆದಿಟ್ಟ ಕೋಡ್‌ನ ದೊಡ್ಡ ಸಂಗ್ರಹ ಇದು. ಪ್ರೋಗ್ರಾಮರ್‌ಗಳು ಹಗಲೆಲ್ಲ ಒದ್ದಾಡುವುದು ಭಾಷೆಗಿಂತ ಹೆಚ್ಚಾಗಿ ಈ ಲೈಬ್ರರಿಯೊಡನೆ. ಕಂಪೈಲರ್, ಜೆವಿಎಂ, ಲೈಬ್ರರಿ ಮೂರನ್ನೂ ಒಟ್ಟಿಗೆ ಕಟ್ಟಿಕೊಡುವ ಮೂಟೆಗೆ ಜೆಡಿಕೆ ಎಂದು ಹೆಸರು. ಡೌನ್‌ಲೋಡ್ ಮಾಡಿಕೊಳ್ಳುವುದು ಇದನ್ನೇ.

ಪ್ರಸಂಗ ಒಂದು, ಮೇಳ ಹಲವು

ಜಾವಾಕ್ಕೆ ಪರ್ಯಾಯ ಎಂದರೆ ಪೈಥಾನ್‌ಗೋ ಸಿ ಶಾರ್ಪ್‌ಗೋ ಹೋಗುವುದು ಎಂದು ಕೆಲವರು ತಿಳಿದಿರುತ್ತಾರೆ. ಇಲ್ಲಿ ಮಾತಿರುವುದು ಅದರ ಬಗ್ಗೆ ಅಲ್ಲ. ಭಾಷೆ ಬದಲಾಗದೆ, ಬರೆದ ಪ್ರೋಗ್ರಾಂ ಒಂದಕ್ಷರವೂ ತಿದ್ದುಪಡಿಯಾಗದೆ, ಅದನ್ನು ನಡೆಸುವ ಜೆಡಿಕೆ ಮಾತ್ರ ಬೇರೆಯವರದ್ದಾಗುವುದು ಹೇಗೆ ಎಂಬುದು ವಿಷಯ.

ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಪ್ರಸಂಗದ ಪದ್ಯಗಳು ಬರೆದಿಟ್ಟವು. ಆಡುವ ಮೇಳ ಯಾವುದಾದರೂ ಕಥೆ ತಪ್ಪುವಂತಿಲ್ಲ. ಪದ್ಯದ ಸುತ್ತ ಕಟ್ಟುವ ಅರ್ಥಗಾರಿಕೆ, ಕುಣಿತ, ವೇಷಗಾರಿಕೆ ಎಲ್ಲ ಆಯಾ ಮೇಳದ ಸ್ವಂತದ್ದು. ಜಾವಾದಲ್ಲಿ ಪ್ರಸಂಗದ ಜಾಗದಲ್ಲಿರುವುದು ನಿರ್ದಿಷ್ಟತೆ ಅಥವಾ ಸ್ಪೆಸಿಫಿಕೇಶನ್ ಎಂಬ ದಾಖಲೆ. ಈ ಹೆಸರಿನ ಫಂಕ್ಷನ್‌ಗೆ ಇಂಥ ಮಾಹಿತಿ ಕೊಟ್ಟರೆ ಇಂಥ ಉತ್ತರ ಬರಬೇಕು ಎಂದು ಅದು ಹೇಳುತ್ತದೆ. ಉತ್ತರ ತರುವ ಕೋಡ್ ಯಾರು ಬೇಕಾದರೂ ತಮ್ಮ ರೀತಿಯಲ್ಲಿ ಬರೆಯಬಹುದು. ಹಾಗೆ ಬರೆದದ್ದನ್ನು ಇಂಪ್ಲಿಮೆಂಟೇಶನ್ ಎನ್ನುತ್ತಾರೆ. ಎರಡು ಇಂಪ್ಲಿಮೆಂಟೇಶನ್‌ಗಳ ಒಳಗೆ ಒಂದೇ ಒಂದು ಸಾಲು ಹೊಂದದಿದ್ದರೂ, ಹೊರಗಿನಿಂದ ಅವನ್ನು ಬಳಸುವ ಪ್ರೋಗ್ರಾಂಗೆ ವ್ಯತ್ಯಾಸ ತಿಳಿಯಬಾರದು.

ಯಕ್ಷಗಾನದಲ್ಲಿ ಇಲ್ಲದ್ದೊಂದು ಜಾವಾದಲ್ಲಿದೆ. ಅದು ಪರೀಕ್ಷೆ. ನಿರ್ದಿಷ್ಟತೆಯನ್ನು ನಿಜವಾಗಿ ಪಾಲಿಸಿದ್ದೀರಾ ಎಂದು ನೋಡಲು ಸಾವಿರಾರು ಪರೀಕ್ಷೆಗಳ ಒಂದು ಕಿಟ್ ಇದೆ, ಅದನ್ನು ಟಿಸಿಕೆ ಎಂದು ಕರೆಯುತ್ತಾರೆ. ಅದರಲ್ಲಿ ಪಾಸಾದವರು ಮಾತ್ರ ತಮ್ಮದು ಜಾವಾಕ್ಕೆ ಹೊಂದುತ್ತದೆ ಎಂದು ಅಧಿಕೃತವಾಗಿ ಹೇಳಿಕೊಳ್ಳಬಹುದು. ಕಿಟ್ ಇರುವುದು ಜಾವಾದ ಒಡೆಯರ ಕೈಯಲ್ಲಿ: ಮೊದಲು ಸನ್, ಈಗ ಒರಾಕಲ್. ಜಾವಾ ಎಂಬ ಹೆಸರೂ ಅವರ ಟ್ರೇಡ್‌ಮಾರ್ಕ್.

ಮುಂದಿನದೆಲ್ಲ ಅರ್ಥವಾಗಬೇಕಾದರೆ ಕೋಡ್, ಪರೀಕ್ಷೆ, ಹೆಸರು, ಮುಂದಿನ ವರ್ಷನ್ ಹೇಗಿರಬೇಕೆಂಬ ತೀರ್ಮಾನ ಈ ನಾಲ್ಕನ್ನೂ ಬೇರೆ ಬೇರೆಯಾಗಿ ಇಟ್ಟು ನೋಡಬೇಕು. ಒಂದು ವೇದಿಕೆ ಓಪನ್ ಸೋರ್ಸ್ ಆಯಿತು, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದುಕೊಂಡಿತು ಎಂದು ಸುದ್ದಿ ಬಂದಾಗ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು ಮಾತ್ರ ಕೈಬಿಟ್ಟಿರುತ್ತದೆ.

ಸನ್ ಯಾಕೆ ಬಿಗಿಹಿಡಿಯಿತು

ಹಿಡಿತಕ್ಕೆ ಕಾರಣ ಬರೀ ದುರಾಸೆಯಾಗಿರಲಿಲ್ಲ. ಮೈಕ್ರೋಸಾಫ್ಟ್ ಸನ್‌ನಿಂದ ಪರವಾನಗಿ ಪಡೆದು ತನ್ನದೇ ಜಾವಾ ತಂದಿತ್ತು. ಅದರಲ್ಲಿ ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಸೇರ್ಪಡೆಗಳಿದ್ದವು, ಜಾವಾದ ಕೆಲವು ಭಾಗಗಳನ್ನು ಬಿಟ್ಟೂ ಇತ್ತು. ಎಲ್ಲಿ ಬೇಕಾದರೂ ಓಡಬೇಕಾದ ಪ್ರೋಗ್ರಾಂ ವಿಂಡೋಸ್‌ಗೇ ಅಂಟಿಕೊಳ್ಳುವ ಅಪಾಯ ಎದುರಾಯಿತು. 1997ರಲ್ಲಿ ಸನ್ ಕೋರ್ಟಿಗೆ ಹೋಯಿತು. 2001ರ ಜನವರಿಯಲ್ಲಿ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಕೋಡ್ ಬಿಟ್ಟುಕೊಟ್ಟರೆ ಜಾವಾ ಹತ್ತು ಹೋಳಾಗುತ್ತದೆ ಎಂಬ ಸನ್‌ನ ಭಯಕ್ಕೆ ಈ ಪ್ರಕರಣ ಗಟ್ಟಿ ಆಧಾರವಾಯಿತು.

ಆದರೆ ಇದರ ಪೆಟ್ಟು ಬಿದ್ದದ್ದು ಸ್ವತಂತ್ರ ಸಾಫ್ಟ್‌ವೇರ್, ಅಂದರೆ ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಸಾಫ್ಟ್‌ವೇರ್, ಬರೆಯುವವರಿಗೆ. ಜಾವಾ ಆಗಲೂ ಪುಕ್ಕಟೆಯೇ, ಯಾರು ಬೇಕಾದರೂ ಡೌನ್‌ಲೋಡ್ ಮಾಡಬಹುದಿತ್ತು. ಆದರೆ ತಿದ್ದಿ ಮರುಹಂಚುವ ಹಕ್ಕು ಇರಲಿಲ್ಲ. ಡೆಬಿಯನ್ ಲಿನಕ್ಸ್‌ನವರು ಸ್ವತಂತ್ರವಲ್ಲದ ಸಾಫ್ಟ್‌ವೇರ್ ಇಲ್ಲದೆ ನಡೆಯದ ಪ್ರೋಗ್ರಾಂಗಳನ್ನು ತಮ್ಮ ಮುಖ್ಯ ಸಂಗ್ರಹದ ಹೊರಗೆ, 'ಕಾಂಟ್ರಿಬ್' ಎಂಬ ಪಕ್ಕದ ಪಡಸಾಲೆಯಲ್ಲಿ ಇಡುತ್ತಾರೆ. ತಮ್ಮ ಕೋಡನ್ನು ಪೂರ್ತಿ ಬಿಟ್ಟುಕೊಟ್ಟಿದ್ದ ಎಷ್ಟೋ ಜಾವಾ ಪ್ರೋಗ್ರಾಂಗಳು ಅಲ್ಲೇ ಕೂತಿರಬೇಕಾಯಿತು. ಸ್ವತಂತ್ರ ಸಾಫ್ಟ್‌ವೇರ್ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ 2004ರಲ್ಲಿ ಇದನ್ನು 'ಜಾವಾ ಬಲೆ' ಎಂದು ಕರೆದರು: ನಿಮ್ಮ ಪ್ರೋಗ್ರಾಂ ಸ್ವತಂತ್ರ, ಆದರೆ ಕಾಲಿಗೆ ಸಂಕೋಲೆ.

ಮೊದಲ ಸರದಿಯ ಪರ್ಯಾಯಗಳು

ಸಂಕೋಲೆ ಕಳಚುವ ಯತ್ನ ಬೇಗನೇ ಶುರುವಾಗಿತ್ತು. 1996ರಲ್ಲೇ ಕಾಫೆ ಎಂಬ ಜೆವಿಎಂ ಬಂತು. 1998ರಲ್ಲಿ ಗ್ನೂ ಕ್ಲಾಸ್‌ಪಾತ್ ಆರಂಭವಾಯಿತು, ಲೈಬ್ರರಿಯನ್ನು ಮೊದಲಿನಿಂದ ಬರೆಯುವುದು ಅದರ ಗುರಿ. ಜಿಸಿಜೆ ಎಂಬ ಕಂಪೈಲರ್ ಜಾವಾ ಪ್ರೋಗ್ರಾಮನ್ನು ನೇರವಾಗಿ ಯಂತ್ರಭಾಷೆಗೇ ತಿರುಗಿಸುತ್ತಿತ್ತು.

ಕ್ಲಾಸ್‌ಪಾತ್‌ನ ಕೆಲಸ ಎಷ್ಟು ಕಷ್ಟದ್ದು ಎಂಬುದಕ್ಕೆ ಅವರ ಒಂದು ನಿಯಮ ಸಾಕು. ಸನ್ ತನ್ನ ಕೋಡನ್ನು ಓದಲು ಕೊಡುತ್ತಿತ್ತು, ಆದರೆ ಒಮ್ಮೆ ಅದನ್ನು ಓದಿದವರು ಕ್ಲಾಸ್‌ಪಾತ್‌ಗೆ ಅದೇ ಭಾಗವನ್ನು ಬರೆದುಕೊಡುವಂತಿರಲಿಲ್ಲ. ಓದಿದ್ದು ತಲೆಯಲ್ಲಿ ಉಳಿದು, ಅರಿವಿಲ್ಲದೇ ನಕಲಾಗಿ, ಮುಂದೆ ಕೃತಿಸ್ವಾಮ್ಯದ ಮೊಕದ್ದಮೆಗೆ ದಾರಿಯಾದೀತೆಂಬ ಎಚ್ಚರ ಅದು. ಹಾಗಾಗಿ ನಿರ್ದಿಷ್ಟತೆಯ ದಾಖಲೆಯನ್ನಷ್ಟೇ ಮುಂದಿಟ್ಟುಕೊಂಡು, ಮೂಲವನ್ನು ನೋಡದೆ ಬರೆಯಬೇಕು. ಇತ್ತ ಇವರು ಒಂದು ವರ್ಷನ್ ಮುಗಿಸುವಷ್ಟರಲ್ಲಿ ಅತ್ತ ಸನ್ ಮುಂದಿನದನ್ನು ಬಿಡುಗಡೆ ಮಾಡಿರುತ್ತಿತ್ತು.

2005ರಲ್ಲಿ ಅಪಾಚೆ ಫೌಂಡೇಶನ್ ಹಾರ್ಮನಿ ಎಂಬ ಯೋಜನೆ ಹೂಡಿತು. ಇದಕ್ಕೆ ಐಬಿಎಂ, ಇಂಟೆಲ್‌ಗಳ ಬೆಂಬಲವಿತ್ತು, ಕೋಡ್ ಬರೆಯುವ ಕೈಗಳಿಗೆ ಕೊರತೆಯಿರಲಿಲ್ಲ. ಹಾರ್ಮನಿ ಮುಗ್ಗರಿಸಿದ್ದು ಪರೀಕ್ಷೆಯ ಬಾಗಿಲಲ್ಲಿ. ಟಿಸಿಕೆ ಕೊಡಲು ಸನ್ ಒಡ್ಡಿದ ಷರತ್ತಿನ ಪ್ರಕಾರ, ಪಾಸಾದ ಸಾಫ್ಟ್‌ವೇರನ್ನು ಕೆಲವು ಬಗೆಯ ಸಾಧನಗಳಲ್ಲಿ ಬಳಸುವಂತಿಲ್ಲ. ಅಪಾಚೆ ಪರವಾನಗಿಯಾದರೋ ಯಾರು, ಎಲ್ಲಿ, ಯಾವುದಕ್ಕೆ ಬೇಕಾದರೂ ಬಳಸಬಹುದು ಎನ್ನುತ್ತದೆ. ಎರಡೂ ಒಟ್ಟಿಗೆ ನಿಲ್ಲುವಂತಿರಲಿಲ್ಲ. 2007ರ ಏಪ್ರಿಲ್‌ನಲ್ಲಿ ಅಪಾಚೆ ಸನ್‌ಗೆ ಬಹಿರಂಗ ಪತ್ರ ಬರೆಯಿತು, ಉಪಯೋಗವಾಗಲಿಲ್ಲ. 2010ರ ಡಿಸೆಂಬರ್‌ನಲ್ಲಿ ಜಾವಾದ ಭವಿಷ್ಯ ನಿರ್ಧರಿಸುವ ಸಮಿತಿಗೇ ರಾಜೀನಾಮೆ ಕೊಟ್ಟು ಹೊರಬಂತು. 2011ರಲ್ಲಿ ಹಾರ್ಮನಿಯನ್ನು ಮುಚ್ಚಲಾಯಿತು.

ನನಗೆ ಕಾಣುವಂತೆ ಇಡೀ ಕಥೆಯ ತಿರುಳು ಇಲ್ಲಿದೆ. ಹಾರ್ಮನಿಯವರು ಬರೆದ ಕೋಡ್ ಚೆನ್ನಾಗಿಯೇ ಇತ್ತು, ಗೂಗಲ್ ಅದರ ಲೈಬ್ರರಿಯನ್ನು ಎತ್ತಿಕೊಂಡು ಆಂಡ್ರಾಯ್ಡ್ ಕಟ್ಟಿತು. ಕೋಟ್ಯಂತರ ಜನರ ಜೇಬಿನಲ್ಲಿ ಓಡಿದ ಕೋಡಿಗೆ ಜಾವಾ ಎಂಬ ಹೆಸರು ಮಾತ್ರ ದಕ್ಕಲಿಲ್ಲ.

2006: ಒಡೆಯರೇ ಬಿಟ್ಟುಕೊಟ್ಟದ್ದು

ಹಾರ್ಮನಿಯ ಗಲಾಟೆಯ ನಡುವೆಯೇ, 2006ರ ನವೆಂಬರ್ 13ರಂದು ಸನ್ ತನ್ನ ಜಾವಾದ ಮೂಲ ಕೋಡನ್ನು ಜಿಪಿಎಲ್ ಪರವಾನಗಿಯಡಿ ಬಿಡುಗಡೆ ಮಾಡುವುದಾಗಿ ಘೋಷಿಸಿತು. ಅಂದೇ ಹಾಟ್‌ಸ್ಪಾಟ್ ಎಂಬ ಜೆವಿಎಂ ಮತ್ತು ಕಂಪೈಲರ್ ಹೊರಬಂದವು. 2007ರ ಮೇ ತಿಂಗಳಲ್ಲಿ ಲೈಬ್ರರಿಯೂ ಬಂತು. ಈ ಯೋಜನೆಯ ಹೆಸರೇ ಓಪನ್‌ಜೆಡಿಕೆ.

ಜಿಪಿಎಲ್ ಎಂದರೆ ಹೀಗೆ: ಕೋಡನ್ನು ಯಾರಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು, ಮಾರಲೂಬಹುದು. ಆದರೆ ತಿದ್ದಿ ಹಂಚುವವರು ತಾವು ತಿದ್ದಿದ್ದನ್ನೂ ಇದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಷರತ್ತು ಪಾಲಿಸುವವರ ಕೈಯಿಂದ ಆ ಹಕ್ಕನ್ನು ಕಿತ್ತುಕೊಳ್ಳಲು ಅದರಲ್ಲಿ ಯಾವ ದಾರಿಯೂ ಇಲ್ಲ. ಮುಂದೆ ಒಡೆಯರು ಬದಲಾದಾಗ ಎಲ್ಲರನ್ನೂ ಕಾಪಾಡಿದ್ದು ಈ ಅಂಶ.

ಇಲ್ಲೊಂದು ಅನುಮಾನ ಸಹಜ. ಜಿಪಿಎಲ್ ಲೈಬ್ರರಿಯನ್ನು ಬಳಸಿ ಬರೆದ ನನ್ನ ಪ್ರೋಗ್ರಾಂ ಕೂಡ ಜಿಪಿಎಲ್ ಆಗಿಬಿಡುತ್ತದೆಯೇ? ಆಗುವುದಿಲ್ಲ. ಅದಕ್ಕೆಂದೇ ಪರವಾನಗಿಯಲ್ಲಿ ಒಂದು ವಿನಾಯಿತಿ ಸೇರಿಸಿದ್ದಾರೆ. ಬ್ಯಾಂಕೊಂದು ತನ್ನ ಗುಟ್ಟಿನ ಸಾಫ್ಟ್‌ವೇರನ್ನು ಓಪನ್‌ಜೆಡಿಕೆ ಮೇಲೆ ನಡೆಸಿದರೂ ಅದರ ಕೋಡ್ ಬ್ಯಾಂಕಿನದ್ದೇ. ಈ ವಿನಾಯಿತಿಗೆ 'ಕ್ಲಾಸ್‌ಪಾತ್ ಎಕ್ಸೆಪ್ಶನ್' ಎಂದು ಹೆಸರು. ಸನ್‌ನ ಕೋಡಿಗೆ ಎದುರಾಗಿ ಹುಟ್ಟಿದ್ದ ಕ್ಲಾಸ್‌ಪಾತ್ ಯೋಜನೆಯಿಂದ ಎರವಲು ಬಂದದ್ದು ಅದು. ಯೋಜನೆ ಇಂದು ನಿಂತುಹೋಗಿದೆ, ಅದರ ಷರತ್ತು ಮಾತ್ರ ಎದುರಾಳಿಯ ಮನೆಯಲ್ಲಿ ಬದುಕಿದೆ.

ಬಿಡುಗಡೆಯಾದ ಕೋಡ್ ಪೂರ್ತಿಯಾಗಿರಲಿಲ್ಲ. ಅಕ್ಷರಗಳನ್ನು ತೆರೆಯ ಮೇಲೆ ಮೂಡಿಸುವ ಭಾಗ, ಧ್ವನಿಯ ಭಾಗ ಮುಂತಾಗಿ ಸುಮಾರು ಶೇ. 4ರಷ್ಟರ ಹಕ್ಕು ಬೇರೆ ಕಂಪನಿಗಳದ್ದಾಗಿತ್ತು, ಅದನ್ನು ಬಿಡುಗಡೆ ಮಾಡಲು ಸನ್‌ಗೆ ಅಧಿಕಾರವಿರಲಿಲ್ಲ. 2007ರ ಜೂನ್‌ನಲ್ಲಿ ರೆಡ್ ಹ್ಯಾಟ್ ಐಸ್ಡ್‌ಟೀ ಎಂಬ ಯೋಜನೆ ಆರಂಭಿಸಿ, ಈ ತೂತುಗಳನ್ನು ಕ್ಲಾಸ್‌ಪಾತ್‌ನ ತುಂಡುಗಳಿಂದ ಮುಚ್ಚಿತು. 2008ರ ಜೂನ್‌ನಲ್ಲಿ ಅದು ಫೆಡೋರಾ ಲಿನಕ್ಸ್ ಮೇಲೆ ಟಿಸಿಕೆ ಪಾಸಾಯಿತು. ಪೂರ್ತಿ ಸ್ವತಂತ್ರ ಕೋಡಿನ ಜಾವಾ ಪರೀಕ್ಷೆ ಗೆದ್ದದ್ದು ಹೀಗೆ.

ಐಸ್ಡ್‌ಟೀಗೆ ಸಿಕ್ಕ ಪರೀಕ್ಷೆ ಹಾರ್ಮನಿಗೆ ಯಾಕೆ ಸಿಗಲಿಲ್ಲ? ಓಪನ್‌ಜೆಡಿಕೆಗಾಗಿ ಸನ್ ಮಾಡಿದ ಹೊಸ ಟಿಸಿಕೆ ಒಪ್ಪಂದ ಬಹುಪಾಲು ಓಪನ್‌ಜೆಡಿಕೆಯ ಕೋಡಿನಿಂದಲೇ ಹುಟ್ಟಿದವುಗಳಿಗೆ ಮಾತ್ರ ಅನ್ವಯಿಸುತ್ತದೆ. ನಮ್ಮ ಕೋಡನ್ನು ಬೆಳೆಸಿದರೆ ಪರೀಕ್ಷೆ ಕೊಡುತ್ತೇವೆ, ನಿಮ್ಮದೇ ಬರೆದುಕೊಂಡು ಬಂದರೆ ಇಲ್ಲ ಎಂಬಂತೆ. 2010ರ ಅಕ್ಟೋಬರ್‌ನಲ್ಲಿ ಐಬಿಎಂ ಹಾರ್ಮನಿ ಬಿಟ್ಟು ಓಪನ್‌ಜೆಡಿಕೆಗೆ ಸೇರಿಕೊಂಡ ಮೇಲೆ ಹಾರ್ಮನಿಗೆ ಉಳಿದದ್ದು ದಿನ ಎಣಿಸುವುದಷ್ಟೇ.

ಒರಾಕಲ್ ಬಂತು, ಮೊಕದ್ದಮೆ ಬಂತು

2010ರ ಜನವರಿಯಲ್ಲಿ ಒರಾಕಲ್ 740 ಕೋಟಿ ಡಾಲರ್‌ಗೆ ಸನ್ ಕಂಪನಿಯನ್ನು ಕೊಂಡುಕೊಂಡಿತು. ಅದೇ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ ವಿಚಾರಕ್ಕೆ ಗೂಗಲ್ ಮೇಲೆ ದಾವೆ ಹೂಡಿತು. ಆಂಡ್ರಾಯ್ಡ್‌ಗೆ ಬೇಕಾದ ಒಳಗಿನ ಕೋಡನ್ನು ಗೂಗಲ್ ಸನ್‌ನಿಂದ ತಂದಿರಲಿಲ್ಲ. ಆದರೆ ಪ್ರೋಗ್ರಾಮರ್‌ಗಳಿಗೆ ಪರಿಚಿತವಾಗಿರಲಿ ಎಂದು ಲೈಬ್ರರಿಯ 37 ವಿಭಾಗಗಳ (ಪ್ಯಾಕೇಜುಗಳ) ಫಂಕ್ಷನ್ ಹೆಸರುಗಳು, ಅವುಗಳ ಜೋಡಣೆ ಅದೇ ಇತ್ತು. ಒಟ್ಟು ಸುಮಾರು 11,500 ಸಾಲು. ಈ ಹೊರರೂಪವನ್ನು ಎಪಿಐ ಎನ್ನುತ್ತಾರೆ. ಎಪಿಐಗೂ ಕೃತಿಸ್ವಾಮ್ಯ ಇದೆಯೇ ಎಂಬುದೇ ಪ್ರಶ್ನೆ.

ಇದೆ ಎಂದಾದರೆ ಒಬ್ಬರ ವೇದಿಕೆಗೆ ಹೊಂದುವ ಪರ್ಯಾಯವನ್ನು ಇನ್ನೊಬ್ಬರು ಕಟ್ಟುವುದೇ ಅಪಾಯದ ಕೆಲಸವಾಗುತ್ತಿತ್ತು. ತೀರ್ಪು ಅತ್ತಿತ್ತ ಹೊರಳಿತು: 2012ರಲ್ಲಿ ಕೆಳಗಿನ ಕೋರ್ಟ್ ಇಲ್ಲ ಎಂದಿತು, 2014ರಲ್ಲಿ ಮೇಲ್ಮನವಿ ಕೋರ್ಟ್ ಇದೆ ಎಂದಿತು, 2016ರಲ್ಲಿ ಜ್ಯೂರಿ ಗೂಗಲ್‌ನ ಬಳಕೆ ನ್ಯಾಯಸಮ್ಮತ ಎಂದಿತು, 2018ರಲ್ಲಿ ಅದೂ ರದ್ದಾಯಿತು. ಕೊನೆಗೆ 2021ರ ಏಪ್ರಿಲ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್ 6-2 ಬಹುಮತದಲ್ಲಿ ಗೂಗಲ್ ಪರ ತೀರ್ಪು ಕೊಟ್ಟಿತು. ಎಪಿಐಗೆ ಕೃತಿಸ್ವಾಮ್ಯ ಇದೆಯೋ ಇಲ್ಲವೋ ಎಂಬುದನ್ನು ಅದು ಬಗೆಹರಿಸಲಿಲ್ಲ. ಇದೆ ಎಂದೇ ಇಟ್ಟುಕೊಂಡರೂ ಗೂಗಲ್ ಬಳಸಿದ ರೀತಿ ನ್ಯಾಯಸಮ್ಮತ ಎಂದಷ್ಟೇ ಹೇಳಿತು. ತೀರ್ಪು ಬರುವ ಹೊತ್ತಿಗೆ ಆಂಡ್ರಾಯ್ಡ್ ಆಗಲೇ ಹಾರ್ಮನಿಯನ್ನು ಬಿಟ್ಟು ಓಪನ್‌ಜೆಡಿಕೆಯ ಲೈಬ್ರರಿಗೆ ಬದಲಾಗಿ ಐದು ವರ್ಷವಾಗುತ್ತ ಬಂದಿತ್ತು.

ಹಾಗಾದರೆ ಒರಾಕಲ್ ಮಾರುವುದು ಏನನ್ನು

ಓಪನ್‌ಜೆಡಿಕೆ ಎಂದರೆ ಮೂಲ ಕೋಡ್. ಅದನ್ನು ಕಟ್ಟಿ, ಪರೀಕ್ಷೆ ಮಾಡಿ, ಇನ್‌ಸ್ಟಾಲ್ ಮಾಡುವ ರೂಪದಲ್ಲಿ ಕೊಡುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಒರಾಕಲ್ ದುಡ್ಡು ಕೇಳುವುದು ತನ್ನ ಬಿಲ್ಡಿಗೆ, ಮುಖ್ಯವಾಗಿ ಅದರ ಹಳೆಯ ವರ್ಷನ್‌ಗಳ ಭದ್ರತಾ ಅಪ್‌ಡೇಟ್‌ಗಳಿಗೆ. 2018ರ ಜಾವಾ 11ರಿಂದ ಒರಾಕಲ್‌ನ ಬಿಲ್ಡಿಗೂ ಓಪನ್‌ಜೆಡಿಕೆಗೂ ಕೆಲಸದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಮೊದಲು ದುಡ್ಡು ಕೊಟ್ಟವರಿಗೆ ಮಾತ್ರ ಇದ್ದ, ಓಡುತ್ತಿರುವ ಪ್ರೋಗ್ರಾಂ ಒಳಗೆ ಏನಾಗುತ್ತಿದೆ ಎಂದು ದಾಖಲಿಸುವ ಫ್ಲೈಟ್ ರೆಕಾರ್ಡರ್‌ನಂಥ ಸಾಧನವನ್ನೂ ಒರಾಕಲ್ ಅಷ್ಟರಲ್ಲಿ ಬಿಟ್ಟುಕೊಟ್ಟಿತ್ತು.

ಗೊಂದಲಕ್ಕೆ ಕಾರಣ ಪರವಾನಗಿ ಪದೇ ಪದೇ ಬದಲಾದದ್ದು. 2019ರ ಏಪ್ರಿಲ್ 16ರವರೆಗೆ ಜಾವಾ 8ರ ಅಪ್‌ಡೇಟ್‌ಗಳು ಸಾಮಾನ್ಯ ಕಂಪ್ಯೂಟರ್ ಬಳಕೆಗೆ ಪುಕ್ಕಟೆ. ಅಂದಿನಿಂದ ವ್ಯಾಪಾರದ ಬಳಕೆಗೆ ಚಂದಾ ಬೇಕಾಯಿತು. ಅದೇ ಸೈಟು, ಅದೇ ಬಟನ್ನು, ಷರತ್ತು ಮಾತ್ರ ಬೇರೆ. ಅಭ್ಯಾಸಬಲದಿಂದ ಅಪ್‌ಡೇಟ್ ಒತ್ತಿದವರು ಓದದೆಯೇ ಹೊಸ ಷರತ್ತಿಗೆ ಒಪ್ಪಿಕೊಂಡಂತಾಯಿತು. 2021ರಲ್ಲಿ ಜಾವಾ 17 ಬಂದಾಗ ಒರಾಕಲ್ ಮತ್ತೆ ಸಡಿಲಿಸಿತು. ಆದರೆ ಅದಕ್ಕೊಂದು ಗಡುವಿದೆ: ಮುಂದಿನ ದೀರ್ಘಾವಧಿ ವರ್ಷನ್ ಬಂದು ಒಂದು ವರ್ಷವಾಗುವವರೆಗೆ ಮಾತ್ರ ಪುಕ್ಕಟೆ. ಜಾವಾ 21 ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ, ಆದ್ದರಿಂದ ಜಾವಾ 17ರ ಪುಕ್ಕಟೆ ಅವಧಿ 2024ರ ಸೆಪ್ಟೆಂಬರ್‌ಗೆ ಮುಗಿಯಿತು. ದೀರ್ಘಾವಧಿ ವರ್ಷನ್ ಎಂದರೆ ಹಲವು ವರ್ಷ ಅಪ್‌ಡೇಟ್ ಸಿಗುವಂಥದ್ದು, ಈಗ ಎರಡು ವರ್ಷಕ್ಕೊಮ್ಮೆ ಬರುತ್ತದೆ. ನಡುವೆ ಆರಾರು ತಿಂಗಳಿಗೆ ಬರುವ ವರ್ಷನ್‌ಗಳ ಆಯುಸ್ಸು ಆರೇ ತಿಂಗಳು.

ಒರಾಕಲ್ ಪುಕ್ಕಟೆ ಕೊಡುವುದನ್ನು ನಿಲ್ಲಿಸಿದ ಹಳೆಯ ವರ್ಷನ್‌ಗಳನ್ನು ನೋಡಿಕೊಳ್ಳುವವರು ಯಾರು? 2019ರಲ್ಲಿ ಓಪನ್‌ಜೆಡಿಕೆ 8 ಮತ್ತು 11ರ ನಿರ್ವಹಣೆಯ ಮುಂದಾಳತ್ವವನ್ನು ರೆಡ್ ಹ್ಯಾಟ್ ವಹಿಸಿಕೊಂಡಿತು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ಬರುವ ಭದ್ರತಾ ತಿದ್ದುಪಡಿಗಳು ಈ ಹಳೆಯ ಶಾಖೆಗಳಿಗೂ ಬರುತ್ತವೆ. ಜಿಪಿಎಲ್ ಇರದಿದ್ದರೆ ಇದು ಸಾಧ್ಯವೇ ಇರಲಿಲ್ಲ.

ಇಂದಿನ ಬಿಲ್ಡುಗಳು

ಹೆಸರುಗಳ ಪಟ್ಟಿ ಉದ್ದವಿದೆ. ಎಲ್ಲದರ ಒಳಗಿರುವುದು ಹೆಚ್ಚುಕಮ್ಮಿ ಒಂದೇ ಕೋಡ್ ಎಂಬುದನ್ನು ನೆನಪಿಟ್ಟರೆ ಹೆದರಬೇಕಿಲ್ಲ.

ಟೆಮುರಿನ್ ಹೆಚ್ಚು ಚಾಲ್ತಿಯಲ್ಲಿರುವುದು. ಜಾವಾ ಸಮುದಾಯದವರು 2017ರಲ್ಲಿ ಅಡಾಪ್ಟ್‌ಓಪನ್‌ಜೆಡಿಕೆ ಎಂಬ ಹೆಸರಲ್ಲಿ ಆರಂಭಿಸಿದ್ದು, ಮುಂದೆ ಎಕ್ಲಿಪ್ಸ್ ಫೌಂಡೇಶನ್ ಸೇರಿ 2021ರಿಂದ ಟೆಮುರಿನ್ ಆಯಿತು. ಒಂದೇ ಕಂಪನಿಯ ಮರ್ಜಿಗೆ ಬೀಳಬಾರದು ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕೊರೆಟ್ಟೊ ಅಮೆಜಾನ್‌ನದು, 2018ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಜಾವಾದ ಜನಕ ಜೇಮ್ಸ್ ಗೋಸ್ಲಿಂಗ್ ಆ ಹೊತ್ತಿಗೆ ಅಮೆಜಾನ್‌ನಲ್ಲೇ ಇದ್ದರು. ಜುಲು ಎಂಬುದು ಅಜುಲ್ ಕಂಪನಿಯದು, ಲಿಬೆರಿಕಾ ಬೆಲ್‌ಸಾಫ್ಟ್‌ನದು, ಸ್ಯಾಪ್‌ಮೆಷಿನ್ ಸ್ಯಾಪ್‌ನದು, ಡ್ರ್ಯಾಗನ್‌ವೆಲ್ ಅಲಿಬಾಬಾದ್ದು. ಒಂದು ಕಾಲಕ್ಕೆ ಜಾವಾವನ್ನು ಸೀಳಹೊರಟಿದೆ ಎಂಬ ಆರೋಪ ಹೊತ್ತಿದ್ದ ಮೈಕ್ರೋಸಾಫ್ಟ್ ಕೂಡ 2021ರಿಂದ ತನ್ನ ಓಪನ್‌ಜೆಡಿಕೆ ಬಿಲ್ಡ್ ಕೊಡುತ್ತಿದೆ.

ಐಬಿಎಂನ ಸೆಮೆರು ಸ್ವಲ್ಪ ಬೇರೆ ಜಾತಿ. ಲೈಬ್ರರಿ ಓಪನ್‌ಜೆಡಿಕೆಯದೇ ಆದರೂ ಎಂಜಿನ್ ಹಾಟ್‌ಸ್ಪಾಟ್ ಅಲ್ಲ, ಓಪನ್‌ಜೆ9. 2017ರಲ್ಲಿ ಐಬಿಎಂ ಅದನ್ನು ಎಕ್ಲಿಪ್ಸ್‌ಗೆ ಬಿಟ್ಟುಕೊಟ್ಟಿತು. ಕಡಿಮೆ ಮೆಮೊರಿಯಲ್ಲಿ ನಡೆಯುವುದು ಅದರ ಹೆಗ್ಗಳಿಕೆ, ಆದರೆ ಎಂಜಿನ್ ಬೇರೆಯಾದ್ದರಿಂದ ವೇಗ ಮತ್ತು ಮೆಮೊರಿ ಹೊಂದಾಣಿಕೆಯ ಆಯ್ಕೆಗಳನ್ನು ಹೊಸದಾಗಿ ನೋಡಬೇಕಾಗುತ್ತದೆ.

ಇವರಿಗೆಲ್ಲ ಪುಕ್ಕಟೆ ಕೊಟ್ಟು ಏನು ಲಾಭ? ಅಮೆಜಾನ್, ಮೈಕ್ರೋಸಾಫ್ಟ್, ಅಲಿಬಾಬಾಗಳ ಕ್ಲೌಡ್ ವ್ಯಾಪಾರ ಜಾವಾ ಪ್ರೋಗ್ರಾಂಗಳ ಮೇಲೆ ನಿಂತಿದೆ, ಗ್ರಾಹಕರು ಜಾವಾ ಬಿಲ್ಲಿಗೆ ಹೆದರಿ ದೂರ ಹೋಗುವುದು ಅವರಿಗೆ ಬೇಡ. ಅಜುಲ್, ರೆಡ್ ಹ್ಯಾಟ್‌ಗಳು ಬಿಲ್ಡಿನ ಜತೆ ಬೆಂಬಲ ಸೇವೆಯನ್ನು ಮಾರುತ್ತವೆ. ಧರ್ಮಕಾರ್ಯ ಯಾರದ್ದೂ ಅಲ್ಲ, ಹಾಗಾಗಿಯೇ ಬಾಳಿಕೆ ಬರಬಹುದೆಂಬ ನಂಬಿಕೆಗೆ ಆಧಾರವಿದೆ.

ಒರಾಕಲ್ ಕೈಯಲ್ಲೇ ಉಳಿದದ್ದು

ಮೇಲೆ ಹೇಳಿದ ನಾಲ್ಕರಲ್ಲಿ ಕೋಡ್ ಸಂಪೂರ್ಣ ಹೊರಬಂದಿದೆ. ಪರೀಕ್ಷೆಯ ಕಿಟ್ ಇಂದಿಗೂ ಒರಾಕಲ್‌ನ ಒಪ್ಪಂದದ ಮೂಲಕವೇ ಸಿಗಬೇಕು. ಓಪನ್‌ಜೆಡಿಕೆಯ ಆಡಳಿತ ಮಂಡಳಿಯಲ್ಲಿ ಅಧ್ಯಕ್ಷರನ್ನೂ ಯೋಜನೆಯ ಮುಖ್ಯಸ್ಥರನ್ನೂ ನೇಮಿಸುವುದು ಒರಾಕಲ್, ಉಪಾಧ್ಯಕ್ಷರನ್ನು ಐಬಿಎಂ. ಇನ್ನಿಬ್ಬರು ಚುನಾಯಿತರು. ಕೋಡ್ ಕೊಡುಗೆ ನೀಡುವವರು ಮೊದಲು ಒರಾಕಲ್‌ನ ಒಪ್ಪಂದಕ್ಕೆ ಸಹಿ ಹಾಕಬೇಕು.

ಹೆಸರಿನ ಬಲ ಎಷ್ಟೆಂಬುದು ಗೊತ್ತಾದದ್ದು 2017ರ ನಂತರ. ದೊಡ್ಡ ಕಂಪನಿಗಳ ಸರ್ವರ್ ಕೆಲಸಕ್ಕಿದ್ದ ಜಾವಾ ಇಇ ಎಂಬ ಭಾಗವನ್ನು ಒರಾಕಲ್ ಎಕ್ಲಿಪ್ಸ್‌ಗೆ ಒಪ್ಪಿಸಿತು. ಕೋಡ್ ಕೊಟ್ಟಿತು, ಪರೀಕ್ಷೆಯ ಕಿಟ್ಟನ್ನೂ ಕೊಟ್ಟಿತು, ಹೆಸರು ಕೊಡಲಿಲ್ಲ. ಯೋಜನೆ ಜಕಾರ್ತಾ ಇಇ ಎಂದು ಮರುನಾಮಕರಣವಾಯಿತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಕೋಡಿನೊಳಗೆ 'ಜಾವಾಎಕ್ಸ್' ಎಂದು ಶುರುವಾಗುವ ಹೆಸರುಗಳನ್ನು ಉಳಿಸಿಕೊಂಡು ಮುಂದಕ್ಕೆ ಬೆಳೆಸುವುದಕ್ಕೂ ಒಪ್ಪಿಗೆ ಸಿಗಲಿಲ್ಲ. 2020ರ ಡಿಸೆಂಬರ್‌ನ ಜಕಾರ್ತಾ ಇಇ 9ರಲ್ಲಿ ಅವೆಲ್ಲ 'ಜಕಾರ್ತಾ' ಆದವು. ಆ ವರ್ಷನ್‌ಗೆ ಬರಬೇಕಾದ ಪ್ರತಿ ಪ್ರಾಜೆಕ್ಟಿನಲ್ಲೂ ಪ್ರೋಗ್ರಾಮರ್‌ಗಳು ಫೈಲಿನಿಂದ ಫೈಲಿಗೆ ಹೆಸರು ಬದಲಾಯಿಸುತ್ತ ಹೋಗಬೇಕಾಯಿತು. ಬೆಂಗಳೂರಿನಲ್ಲಿ ಸ್ಪ್ರಿಂಗ್ ಬೂಟ್ ಎಂಬ ಜನಪ್ರಿಯ ಜಾವಾ ಚೌಕಟ್ಟಿನ ವರ್ಷನ್ 2ರಿಂದ 3ಕ್ಕೆ ಬಂದವರನ್ನು ಕೇಳಿ, ನೆನಪಿರುತ್ತದೆ. (ಜಾವಾಸ್ಕ್ರಿಪ್ಟ್‌ಗೂ ಜಾವಾಗೂ ತಾಂತ್ರಿಕವಾಗಿ ನಂಟಿಲ್ಲ. ಆದರೂ ಅದರ ಟ್ರೇಡ್‌ಮಾರ್ಕ್ ಸನ್ ಮೂಲಕ ಒರಾಕಲ್‌ಗೆ ಬಂದಿದೆ. ಅದನ್ನು ರದ್ದುಮಾಡಿ ಎಂದು ಡೆನೊ ಕಂಪನಿ 2024ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಗೆ ಅರ್ಜಿ ಹಾಕಿತು.)

ನಿಮ್ಮಲ್ಲಿರುವುದು ಯಾವುದು

ಟರ್ಮಿನಲ್ ಅಥವಾ ಕಮಾಂಡ್ ಪ್ರಾಂಪ್ಟ್ ತೆರೆದು ಜಾವಾದ ವರ್ಷನ್ ಕೇಳಿದರೆ ಎರಡು ಮೂರು ಸಾಲು ಬರುತ್ತವೆ. ಎರಡನೇ ಸಾಲು 'ಓಪನ್‌ಜೆಡಿಕೆ ರನ್‌ಟೈಮ್ ಎನ್ವಿರಾನ್‌ಮೆಂಟ್' ಎಂದಿದ್ದರೆ ಅದು ಓಪನ್‌ಜೆಡಿಕೆಯ ಬಿಲ್ಡ್, ಪಕ್ಕದಲ್ಲೇ ಟೆಮುರಿನ್, ಕೊರೆಟ್ಟೊ ಮುಂತಾಗಿ ಯಾರದೆಂದೂ ಸಾಮಾನ್ಯವಾಗಿ ಇರುತ್ತದೆ. 'ಜಾವಾ' ಎಂಬ ಹೆಸರಿನ ಪಕ್ಕ ಟ್ರೇಡ್‌ಮಾರ್ಕ್ ಗುರುತು ಇದ್ದು 'ಎಸ್‌ಇ ರನ್‌ಟೈಮ್' ಎಂದಿದ್ದರೆ ಒರಾಕಲ್‌ನದು. ಆಗ ವರ್ಷನ್ ಸಂಖ್ಯೆ ನೋಡಿ, ಯಾವ ಪರವಾನಗಿಯ ಕಾಲದ್ದು ಎಂದು ತಿಳಿದುಕೊಳ್ಳಬೇಕು.

ಬದಲಾಯಿಸುವಾಗ ಮುಖ್ಯ ವರ್ಷನ್ ಅದೇ ಇರಲಿ. 8ರಲ್ಲಿ ನಡೆಯುತ್ತಿದ್ದುದನ್ನು ಬೇರೆಯವರ 8ಕ್ಕೇ ಒಯ್ಯಿರಿ, 21ಕ್ಕೆ ಏರುವ ಕೆಲಸ ಬೇರೆಯಾಗಿ ಆಗಲಿ. ಎರಡನ್ನೂ ಒಟ್ಟಿಗೆ ಮಾಡಿದರೆ ತೊಂದರೆ ಬಂದಾಗ ಯಾವುದರಿಂದ ಬಂತೆಂದು ಹುಡುಕುವುದೇ ಕೆಲಸವಾಗುತ್ತದೆ. ಹಳೆಯ ಜಾವಾ 8ರ ಪ್ರೋಗ್ರಾಂಗಳಲ್ಲಿ ಎರಡು ಕಡೆ ಎಡವುವುದುಂಟು: ವೆಬ್ ಪುಟದಿಂದ ಪ್ರೋಗ್ರಾಂ ತೆರೆಯುವ ವೆಬ್ ಸ್ಟಾರ್ಟ್, ಮತ್ತು ಕಿಟಕಿ-ಬಟನ್ನುಗಳನ್ನು ಬಿಡಿಸುವ ಜಾವಾಎಫ್‌ಎಕ್ಸ್. ಒರಾಕಲ್‌ನ ಜಾವಾ 8ರ ಜತೆ ಇವು ಬರುತ್ತಿದ್ದವು, ಓಪನ್‌ಜೆಡಿಕೆಯಲ್ಲಿ ಇಲ್ಲ. ಮೊದಲನೆಯದಕ್ಕೆ ಓಪನ್‌ವೆಬ್‌ಸ್ಟಾರ್ಟ್ ಎಂಬ ಬದಲಿಯಿದೆ, ಎರಡನೆಯದಕ್ಕೆ ಓಪನ್‌ಜೆಎಫ್‌ಎಕ್ಸ್ ಬೇರೆಯಾಗಿ ಸಿಗುತ್ತದೆ. ಜುಲು, ಲಿಬೆರಿಕಾಗಳು ಅದನ್ನು ಸೇರಿಸಿಯೇ ಕೊಡುವ ಬಿಲ್ಡುಗಳನ್ನೂ ಇಟ್ಟಿವೆ.

ಒರಾಕಲ್‌ನ ಬಿಲ್ಡನ್ನೇ ಉಳಿಸಿಕೊಳ್ಳಲು ಸರಿಯಾದ ಕಾರಣಗಳೂ ಇವೆ. ವೆಬ್‌ಲಾಜಿಕ್‌ನಂಥ ಒರಾಕಲ್ ಸಾಫ್ಟ್‌ವೇರ್ ಕೊಂಡಿದ್ದರೆ, ಅದನ್ನು ನಡೆಸುವ ಮಟ್ಟಿಗೆ ಜಾವಾ ಹಕ್ಕು ಅದರೊಳಗೇ ಸೇರಿರುತ್ತದೆ, ಬೇರೆ ಚಂದಾ ಬೇಕಿಲ್ಲ. ಆದರೆ ಅದೇ ಸರ್ವರ್‌ನಲ್ಲಿ ನಿಮ್ಮದೇ ಇನ್ನೊಂದು ಪ್ರೋಗ್ರಾಮನ್ನು ಅದೇ ಜಾವಾದ ಮೇಲೆ ಓಡಿಸಿದರೆ ಆ ಹಕ್ಕು ಅದಕ್ಕೆ ಅನ್ವಯಿಸುವುದಿಲ್ಲ. ಅಂಥ ಕಡೆ ಆ ಇನ್ನೊಂದಕ್ಕೆ ಟೆಮುರಿನ್‌ನಂಥದ್ದನ್ನು ಬೇರೆ ಫೋಲ್ಡರಿನಲ್ಲಿ ಹಾಕಿ, ಯಾವ ಪ್ರೋಗ್ರಾಂ ಯಾವ ಜಾವಾ ಬಳಸುತ್ತಿದೆ ಎಂದು ಬರೆದಿಟ್ಟುಕೊಳ್ಳುವುದು ರೂಢಿ.